ಬೆನ್ನುಹುರಿಯ ಬಾಗಿಲು ತಟ್ಟುವ ಶಬ್ದ

ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಯಾರೋ ಮರದಿಂದ ಬಿದ್ದ ಸುದ್ದಿಯೂ ಹಿಂದೆಯೇ ಬರುತ್ತದೆ. ನಾಲ್ಕು ವರ್ಷದ ಹಿಂದೆ ಬಿದ್ದವರು ನನ್ನ ಚಿಕ್ಕಪ್ಪ. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಉಳಿಯಲಿಲ್ಲ. ಮೊನ್ನೆ ಊರಿಗೆ ಹೋದಾಗ ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿ ಕೇಳಿದರು: ‘ಶಬ್ದದಿಂದ ಬೆನ್ನುಹುರಿಯೊಳಗೆ ಔಷಧ ಕಳಿಸ್ತಾರಂತೆ. ನೀನು ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲ ಮಾರಾಯ, ಇದು ನಿಜವಾ?’

ನಿಜವೇ. ಆದರೆ ಎಷ್ಟು ನಿಜ ಎಂಬುದೇ ಪ್ರಶ್ನೆ.

ನಾವು ನುಂಗುವ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ತಲುಪುತ್ತದೆ. ಆದರೆ ಮೆದುಳು ಮತ್ತು ಬೆನ್ನುಹುರಿಯ ಹೊಸ್ತಿಲಲ್ಲಿ ಬಹುತೇಕ ಔಷಧಗಳು ನಿಂತುಬಿಡುತ್ತವೆ. ಅಲ್ಲಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ವಿಷ, ಸೋಂಕು ಒಳಬಾರದಂತೆ ಪ್ರಕೃತಿ ಇಟ್ಟ ಕಾವಲು ಅದು. ಕಾಯಿಲೆ ಬಂದಾಗ ಅದೇ ಕಾವಲು ಔಷಧವನ್ನೂ ತಡೆಯುತ್ತದೆ. ಬೆನ್ನುಹುರಿಯ ನರಕೋಶಗಳು ಸಾಯುವ ಎಸ್‌ಎಂಎ ಕಾಯಿಲೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ನುಸಿನರ್ಸೆನ್ ಔಷಧವನ್ನು ಮಕ್ಕಳ ಸೊಂಟದ ಮೂಳೆಗಳ ನಡುವೆ ಸೂಜಿ ಚುಚ್ಚಿಯೇ ಕೊಡಬೇಕು. ಮೊದಲ ನಾಲ್ಕು ಡೋಸ್ ಆದ ಮೇಲೂ ನಾಲ್ಕು ತಿಂಗಳಿಗೊಮ್ಮೆ ಅದೇ ನೋವು.

ಚುಚ್ಚದೆ ಒಳಹೋಗಲು ವಿಜ್ಞಾನಿಗಳು ಹಿಡಿದ ದಾರಿ ಅಲ್ಟ್ರಾಸೌಂಡ್. ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವುದೂ ಇದರಿಂದಲೇ. ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕಿಗೆ ತರುವಂತೆ ಶಬ್ದದ ಅಲೆಗಳನ್ನೂ ಒಂದೇ ಕಡೆ ಸೇರಿಸಬಹುದು. ಅದಕ್ಕೂ ಮೊದಲು ರಕ್ತಕ್ಕೆ ಅತಿಸಣ್ಣ ಗುಳ್ಳೆಗಳನ್ನು ಬಿಡುತ್ತಾರೆ. ಅವು ಕೆಂಪು ರಕ್ತಕಣಕ್ಕಿಂತಲೂ ಚಿಕ್ಕವು. ಶಬ್ದ ತಾಗಿದ ಕಡೆ ಗುಳ್ಳೆಗಳು ಹಿಗ್ಗಿ ಕುಗ್ಗಿ ರಕ್ತನಾಳದ ಗೋಡೆಯನ್ನು ಸಡಿಲಿಸುತ್ತವೆ, ಔಷಧ ಒಳನುಸುಳುತ್ತದೆ. ಸುಮಾರು ಒಂದು ದಿನದೊಳಗೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಕುಲ್ಲೆರ್ವೊ ಹಿನಿನೆನ್ ಮತ್ತು ಸಂಗಡಿಗರು 2001ರಲ್ಲಿ ಮೊಲಗಳ ಮೆದುಳಿನಲ್ಲಿ ಇದನ್ನು ತೋರಿಸಿದರು. 2015ರಲ್ಲಿ ಕೆನಡಾದ ಟೊರಾಂಟೊದ ಸನಿಬ್ರೂಕ್ ಆಸ್ಪತ್ರೆಯಲ್ಲಿ, ತಲೆಬುರುಡೆ ತೆರೆಯದೆಯೇ, ಮೆದುಳಿನ ಗಡ್ಡೆಯಿದ್ದ ರೋಗಿಯ ಮೇಲೆ ಇದೇ ಪ್ರಯೋಗ ನಡೆಯಿತು.

ಬೆನ್ನುಹುರಿಯ ದಾರಿ ಇನ್ನೂ ಕಠಿಣ. ಕಶೇರುಮಣಿಗಳ ಆಕಾರ ಒಂದರಂತೆ ಇನ್ನೊಂದಿಲ್ಲ; ಅಲೆಗಳು ಮೂಳೆಯಲ್ಲಿ ಸೊರಗಿ ದಿಕ್ಕು ತಪ್ಪುತ್ತವೆ. ಒಳಗಿನ ಕಾಲುವೆ ಇಕ್ಕಟ್ಟಾದ್ದರಿಂದ ಪ್ರತಿಧ್ವನಿ ಸೇರಿಕೊಂಡು ಬೇಡದ ಕಡೆ ಪೆಟ್ಟು ಕೊಡಬಹುದು. ಸನಿಬ್ರೂಕ್‌ನಲ್ಲಿ ಮೆಗನ್ ಓ’ರೈಲಿ ಅವರ ತಂಡ ಬೆನ್ನುಮೂಳೆಗೆಂದೇ ಸಾಧನ ರೂಪಿಸುತ್ತಾ ಇಲಿ, ಹಂದಿಗಳ ಮೇಲೆ ಈ ವಿಧಾನವನ್ನು ಪರೀಕ್ಷಿಸಿದೆ. ಬೆನ್ನುಹುರಿಗೆ ಹಬ್ಬಿದ ಕ್ಯಾನ್ಸರ್‌ಗೆ ಔಷಧ ತಲುಪಿಸುವುದು ಅವರ ಗುರಿಗಳಲ್ಲೊಂದು.

ಹಾಗಾದರೆ ಚಿಕ್ಕಪ್ಪನಿಗೆ ಏನು ಹೇಳಲಿ? ಶಬ್ದ ಬಾಗಿಲು ತೆರೆಯಬಲ್ಲದು, ತುಂಡಾದ ನರವನ್ನು ಜೋಡಿಸಲಾರದು. ಒಳಹೋಗಿ ಕೆಲಸ ಮಾಡುವ ಔಷಧ ಬೇರೆಯೇ ಬೇಕು. ಅವರ ಗಾಯಕ್ಕೆ ಅಂಥ ಔಷಧ ಇನ್ನೂ ಇಲ್ಲ. ವಿಡಿಯೊದಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ. ಬಿದ್ದ ವರ್ಷವೇ ಒಂದು ಖಾಸಗಿ ಕ್ಲಿನಿಕ್ ‘ಸ್ಟೆಮ್ ಸೆಲ್’ ಹೆಸರಿನಲ್ಲಿ ನಮ್ಮ ಮನೆಯವರಿಂದ ಹಣ ಪಡೆಯಿತು. ಅರ್ಧ ಎಕರೆ ತೋಟ ಹೋಯಿತು, ಕಾಲು ಬರಲಿಲ್ಲ. ಪ್ರಯೋಗಾಲಯದ ಸುದ್ದಿಯನ್ನು ಆಸ್ಪತ್ರೆಯ ಭರವಸೆಯಂತೆ ಹರಡುವವರು ಇಂಥ ಅಂಗಡಿಗಳಿಗೆ ಗಿರಾಕಿ ಕಳಿಸುತ್ತಾರೆ, ತಿಳಿದೋ ತಿಳಿಯದೆಯೋ.

ಓದಿದ ನಾವು ಎರಡು ಕೆಲಸ ಮಾಡಬಹುದು. ಮೊದಲನೆಯದು, ಫಾರ್ವರ್ಡ್ ಒತ್ತುವ ಮುನ್ನ ‘ಇದು ಇಲಿಯ ಮೇಲೋ, ಮನುಷ್ಯನ ಮೇಲೋ?’ ಎಂದು ಕೇಳುವುದು. ನಮ್ಮ ದೇಶದಲ್ಲಿ 2009ರಿಂದ ಕ್ಲಿನಿಕಲ್ ಟ್ರಯಲ್‌ಗಳನ್ನು ಸಿಟಿಆರ್‌ಐ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹಾಕಬಾರದೆಂದು ಐಸಿಎಂಆರ್ ಮಾರ್ಗಸೂಚಿಯೂ ಹೇಳುತ್ತದೆ. ‘ಪ್ರಯೋಗ’ ಎಂದು ಹೇಳಿ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬರಬೇಕು.

ಎರಡನೆಯದು, ಈ ಕೆಲಸ ಡಾಕ್ಟರರಿಗೆ ಮಾತ್ರ ಸೇರಿದ್ದಲ್ಲ ಎಂದು ಅರಿಯುವುದು. ಅಲೆಯ ಲೆಕ್ಕ ಫಿಸಿಕ್ಸ್‌ನವರದು, ಸಾಧನ ಎಲೆಕ್ಟ್ರಾನಿಕ್ಸ್‌ನವರದು, ಗುಳ್ಳೆ ಮತ್ತು ಔಷಧ ಫಾರ್ಮಸಿಯವರದು. ಕ್ಯಾಂಪಸ್ ಸಂದರ್ಶನಕ್ಕೆ ಕೋಡಿಂಗ್ ಒಂದನ್ನೇ ಉರುಹೊಡೆಯುತ್ತಿರುವ ನನ್ನಂಥವರಿಗೆ ಬಯೋಮೆಡಿಕಲ್ ಎಂಬ ಬಾಗಿಲೂ ಇದೆ.

ಚಿಕ್ಕಪ್ಪನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗಲ್ಲದಿದ್ರೆ ಬೇಡ, ಮುಂದೆ ಬೀಳುವವರಿಗೆ ಆಗ್ಲಿ. ನೀನು ಅದನ್ನೇ ಓದು’ ಎಂದರು. ಎಂ.ಟೆಕ್ ಅರ್ಜಿಯಲ್ಲಿ ಯಾವ ವಿಷಯ ಬರೆಯಬೇಕೆಂಬ ನನ್ನ ಗೊಂದಲ ಅಲ್ಲಿಗೆ ಮುಗಿಯಿತು.