ಕೂಡಿದ ಹೊಳೆಯ ಹೆಸರು

ಪಾಠಶಾಲೆಯ ಕೆಲಸದಿಂದ ನಾವು ನಿವೃತ್ತರಾದ ಮೇಲೆ ನಮ್ಮ ಜಗಲಿಗೆ ಬರತಕ್ಕ ಮಂದಿಯಲ್ಲಿ ಅರ್ಧ ಪಾಲು ಹೆಸರು ಕೇಳುವುದಕ್ಕಾಗಿಯೇ ಬರುತ್ತಾರೆ. ಕೂಸಿಗೊಂದು ಹೆಸರು, ಹೊಸ ಮನೆಗೊಂದು ಹೆಸರು, ಅಂಗಡಿಗೊಂದು ಹೆಸರು. ಸಂಸ್ಕೃತ ಓದಿದವನ ಬಾಯಿಂದ ಬಂದ ಹೆಸರು ಬಾಳಿಕೆ ಬರುವುದೆಂದು ಜನರ ನಂಬಿಕೆ. ಇದು ಕಾಸು ಖರ್ಚಿಲ್ಲದ ಉಪಕಾರವಾದುದರಿಂದ ನಾವೂ ಇಲ್ಲವೆನ್ನುವುದಿಲ್ಲ. ಆದರೆ ಕಳೆದ ತಿಂಗಳು ಬಂದ ಕೋರಿಕೆಯೊಂದು ನಮ್ಮನ್ನು ಒಂದು ವಾರ ಯೋಚನೆಗೆ ಹಚ್ಚಿತು. ಆ ಯೋಚನೆಯನ್ನೇ ಈ ಸಲ ವಾಚಕರ ಮುಂದಿಡುತ್ತೇವೆ.

ಬಂದವನು ನಮ್ಮ ಹಳೆಯ ಶಿಷ್ಯ. ಬಾಲ್ಯದಲ್ಲಿ ಸೋದರಮಾವನ ಗರಡಿಯಲ್ಲಿ ಮಟ್ಟಿಯ ಮೇಲೆ ಹೊರಳಿ ಬೆಳೆದವನು. ಆಮೇಲೆ ಹದಿನೆಂಟು ವರ್ಷ ಒಬ್ಬರೇ ಗುರುಗಳಲ್ಲಿ ಕರಾಟೆಯನ್ನು ಅಭ್ಯಾಸಮಾಡಿದನು. ಈಗ ಎರಡನ್ನೂ ಬೆರಸಿ ತನ್ನದೇ ಆದ ಒಂದು ಪದ್ಧತಿಯನ್ನು ಕಟ್ಟಿದ್ದಾನೆ. ದೂರದಲ್ಲಿದ್ದಾಗ ಕರಾಟೆಯ ಹೊಡೆತ, ಹತ್ತಿರವಾದಾಗ ಕುಸ್ತಿಯ ಪಟ್ಟು. ಮೂವತ್ತು ಮಕ್ಕಳು ಕಲಿಯಲು ಬರುತ್ತಿದ್ದಾರೆ. ಹಜಾರವೊಂದನ್ನು ಬಾಡಿಗೆಗೆ ಹಿಡಿದಾಗಿದೆ. ಫಲಕ ಬರೆಯುವವನು ಕುಂಚ ಹಿಡಿದು ಕಾದಿದ್ದಾನೆ. ಕೊರತೆಯೆಂದರೆ ಹೆಸರೊಂದೇ. ಅವನೇ ಒಂದು ಪಟ್ಟಿಯನ್ನೂ ತಂದಿದ್ದನು. ನೋಡಿದರೆ ಅದರಲ್ಲಿ ವಜ್ರಗಳೂ ಸಿಂಹಗಳೂ ರುದ್ರರೂ ಗುಂಪುಗೂಡಿದ್ದರು.

“ನಿನ್ನ ಗುರುಗಳಿಗೆ ಈ ವಿಷಯವನ್ನು ತಿಳಿಸಿದೆಯೊ?” ಎಂದು ನಾವು ಕೇಳಿದೆವು. ಅವನು ನೆಲವನ್ನು ನೋಡಿದನು. “ತಿಳಿಸಿದರೆ ನೊಂದುಕೊಳ್ಳುತ್ತಾರೆ. ಫಲಕ ಹಾಕಿದ ಮೇಲೆ ತಾನಾಗಿ ತಿಳಿಯುತ್ತದಲ್ಲ” ಎಂದನು. ಒಂದು ವಾರ ಬಿಟ್ಟು ಬಾ ಎಂದು ಹೇಳಿ ಕಳುಹಿಸಿ, ಈ ವಿದ್ಯೆಯ ಹಿರಿಯರು ತಮ್ಮ ಪದ್ಧತಿಗಳಿಗೆ ಹೇಗೆ ಹೆಸರಿಟ್ಟರೆಂಬುದನ್ನು ಗ್ರಂಥಗಳಲ್ಲಿ ಹುಡುಕುತ್ತ ಕುಳಿತೆವು.

ಕರಾಟೆಯ ತವರು ಓಕಿನಾವ ದ್ವೀಪ. ಮೊದಲು ರ್ಯೂಕ್ಯು ಎಂಬ ಸ್ವತಂತ್ರ ರಾಜ್ಯವಾಗಿದ್ದ ಈ ದ್ವೀಪವನ್ನು ಜಪಾನು 1879ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿಯವರು ತಮ್ಮ ವಿದ್ಯೆಯನ್ನು ಬಹುಕಾಲ ‘ತೆ’ ಎಂದಷ್ಟೇ ಕರೆಯುತ್ತಿದ್ದರು, ಹಾಗೆಂದರೆ ಕೈ. ಊರಿನಿಂದ ಊರಿಗೆ ಭೇದ ತೋರಿಸಬೇಕಾದಾಗ ಶುರಿಯ ಕೈ, ನಾಹಾದ ಕೈ, ತೊಮಾರಿಯ ಕೈ ಎನ್ನುತ್ತಿದ್ದರು. ಪದ್ಧತಿಗೆ ಸ್ಥಾಪಕನೆಂದೂ ಅದಕ್ಕೊಂದು ಬಿರುದೆಂದೂ ಇಡುವ ಅಗತ್ಯ ಅವರಿಗೆ ತೋರಿರಲಿಲ್ಲ. ಗುರು ಯಾರೆಂಬುದು ಊರಿಗೆಲ್ಲ ಗೊತ್ತಿದ್ದ ಮೇಲೆ ಫಲಕದ ಪ್ರಯೋಜನವೇನು?

ಹೆಸರಿನ ಒತ್ತಾಯ ಹೊರಗಿನಿಂದ ಬಂದಿತು. ನಾಹಾದ ಮಿಯಾಗಿ ಚೋಜುನ್ ಎಂಬ ಆಚಾರ್ಯರ ಶಿಷ್ಯ ಶಿನ್‌ಜಾತೊ ಜಿನ್‌ಆನ್ 1930ರಲ್ಲಿ ಟೋಕಿಯೋ ನಗರದಲ್ಲಿ ವಿದ್ಯಾಪ್ರದರ್ಶನ ಮಾಡಿದಾಗ, ನಿಮ್ಮದು ಯಾವ ಪದ್ಧತಿಯೆಂದು ಅಲ್ಲಿಯವರೊಬ್ಬರು ಪ್ರಶ್ನಿಸಿದರಂತೆ. ಹೆಸರಿಲ್ಲವೆಂದರೆ ಹಗುರವಾದೀತೆಂದು ಅಂಜಿ ಶಿಷ್ಯನು ‘ಅರೆಗಠಿನ’ ಎಂಬರ್ಥದ ಹೆಸರೊಂದನ್ನು ಅಲ್ಲಿಯೇ ಹುಟ್ಟಿಸಿ ಹೇಳಿದನೆಂದು ಆ ಪರಂಪರೆಯವರು ಹೇಳುತ್ತಾರೆ. ಊರಿಗೆ ಮರಳಿ ಗುರುವಿಗೆ ನಡೆದುದನ್ನು ಅರಿಕೆಮಾಡಲು, ಮಿಯಾಗಿಯವರು ಬುಬಿಷಿಯೆಂಬ ಹಳೆಯ ಚೀನೀ ಗ್ರಂಥದಲ್ಲಿದ್ದ ಮಾತನ್ನು ಆಧಾರವಾಗಿಟ್ಟುಕೊಂಡು ‘ಗೋಜು’ ಎಂದು ಹೆಸರಿಟ್ಟರು. ‘ಗೋ’ ಎಂದರೆ ಗಠಿನ, ‘ಜು’ ಎಂದರೆ ಮೃದು. ಹೀಗೆ ಗೋಜು-ರ್ಯು ಹುಟ್ಟಿತು.

‘ರ್ಯು’ ಎಂಬ ಮಾತಿನ ಅರ್ಥ ತಿಳಿದಾಗ ನಮಗೆ ಬಹಳ ಸಂತೋಷವಾಯಿತು. ನಾವು ಸಂಪ್ರದಾಯವೆಂದು ಹೇಳುವೆಡೆಯಲ್ಲಿ ಜಪಾನೀಯರು ‘ಹರಿವು’ ಎನ್ನುತ್ತಾರೆ. ವಿದ್ಯೆಯೆಂಬುದು ಒಂದು ಹೊಳೆ. ಹೊಸ ಪದ್ಧತಿಯನ್ನು ಕಟ್ಟುವುದೆಂದರೆ ಎರಡು ಹೊಳೆಗಳನ್ನು ಕೂಡಿಸುವುದು. ಹಾಗಾದರೆ ಕೂಡಿದ ಮೇಲೆ ಹೊಳೆಯ ಹೆಸರೇನು? ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ಅಲ್ಲಿಂದ ಮುಂದೆ ಹರಿಯುವ ನೀರಿಗೆ ನಮ್ಮ ಹಿರಿಯರು ಹೊಸ ಹೆಸರನ್ನು ಹುಡುಕಲಿಲ್ಲ. ಎರಡನ್ನೂ ಸಮಾಸಮಾಡಿ ತುಂಗಭದ್ರೆಯೆಂದರು.

ಮಬುನಿ ಕೆನ್ವಾ ಎಂಬವರು ಮಾಡಿದುದೂ ಇದೇ. 1889ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡ ಇವರು ಓಕಿನಾವದಲ್ಲಿ ಪೋಲೀಸು ಅಧಿಕಾರಿಯಾಗಿದ್ದರು. ಶುರಿಯ ಇತೊಸು ಅಂಕೊ, ನಾಹಾದ ಹಿಗವೊನ್ನ ಕನ್ರ್ಯೊ, ಇಬ್ಬರೂ ಇವರಿಗೆ ಗುರುಗಳು. ಇಬ್ಬರ ದಾರಿಯೂ ಬೇರೆ. ಇತೊಸು ಅವರು ಈ ವಿದ್ಯೆಯನ್ನು ಓಕಿನಾವದ ಪಾಠಶಾಲೆಗಳೊಳಕ್ಕೆ ತಂದವರು. ಹಿಗವೊನ್ನ ಅವರು ಚೀನಾದೇಶದ ಫುಝೌ ನಗರಕ್ಕೆ ಹೋಗಿ ಕಲಿತುಬಂದವರು. ಮಬುನಿಯವರು 1929ರಲ್ಲಿ ಒಸಾಕಾ ನಗರದಲ್ಲಿ ನೆಲಸಿ, ಎರಡನ್ನೂ ಒಂದೇ ಮನೆಯಲ್ಲಿ ಕಲಿಸತೊಡಗಿದರು. ಆ ಬಳಿಕ ಅದಕ್ಕೆ ಶಿತೋ-ರ್ಯು ಎಂದು ಹೆಸರಿಟ್ಟರು. ಜಪಾನೀಯರ ಬರಹದಲ್ಲಿ ಒಂದೇ ಅಕ್ಷರವನ್ನು ದೇಶ್ಯವಾಗಿಯೂ ಚೀನೀ ಮರ್ಯಾದೆಯಲ್ಲಿಯೂ ಎರಡು ಬಗೆಯಾಗಿ ಉಚ್ಚರಿಸುವುದುಂಟು. ಇತೊಸು ಎಂಬುದರ ಮೊದಲಕ್ಷರಕ್ಕೆ ದಾರವೆಂದು ಅರ್ಥ. ಚೀನೀ ಮರ್ಯಾದೆಯಲ್ಲಿ ಅದು ‘ಶಿ’. ಹಿಗವೊನ್ನ ಎಂಬುದರ ಮೊದಲಕ್ಷರಕ್ಕೆ ಪೂರ್ವದಿಕ್ಕೆಂದು ಅರ್ಥ, ಅದು ‘ತೋ’. ಪಾಣಿನಿಯ ಪ್ರತ್ಯಾಹಾರಗಳನ್ನು ಬಾಯಿಪಾಠಮಾಡಿದ ನಮಗೆ ಇದು ಎಷ್ಟು ಮೆಚ್ಚಿಕೆಯಾಯಿತೆಂಬುದನ್ನು ಹೇಳಬೇಕಾದುದಿಲ್ಲ. ಎರಡು ಅಕ್ಷರಗಳಲ್ಲಿ ಎರಡು ಪರಂಪರೆಗಳು ಅಡಗಿದವು. ಗುರುಗಳಿಬ್ಬರೂ 1915ರಲ್ಲಿಯೇ ಕಾಲವಾಗಿದ್ದರು. ಹೆಸರಿಟ್ಟವರಿಗೆ ಅವರ ಅಪ್ಪಣೆಯನ್ನು ಬೇಡುವ ಅವಕಾಶವಿರಲಿಲ್ಲ. ನೆನೆಯುವ ಅವಕಾಶವಷ್ಟೇ ಇದ್ದಿತು.

ಎಲ್ಲರೂ ಹೀಗೆ ಮಾಡಲಿಲ್ಲ. ಮಾಡಲೇಬೇಕೆಂಬ ವಿಧಿಯೂ ಇಲ್ಲ. ಓತ್ಸುಕ ಹಿರೊನೊರಿ ಎಂಬವರು ಜುಜುತ್ಸುವಿನಲ್ಲಿ ಪಳಗಿದ ಮೇಲೆ, 1922ರಲ್ಲಿ ಓಕಿನಾವದಿಂದ ಟೋಕಿಯೋ ನಗರಕ್ಕೆ ಬಂದ ಫುನಕೊಷಿ ಗಿಚಿನ್ ಅವರಲ್ಲಿ ಕರಾಟೆ ಕಲಿತು, ಎರಡನ್ನೂ ಬೆರಸಿ ವಾದೋ-ರ್ಯು ಪದ್ಧತಿಯನ್ನು ಕಟ್ಟಿದರು. ‘ವಾ’ ಎಂದರೆ ಸಾಮರಸ್ಯ. ಜಪಾನಿನ ಹಳೆಯ ಹೆಸರೂ ಅದೇ. ಆ ಹೆಸರಿನಲ್ಲಿ ಗುರುವಿನ ಗುರುತಿಲ್ಲ. ಇತ್ತ ಫುನಕೊಷಿಯವರು ನಮ್ಮಂತೆಯೇ ಶಾಲಾ ಉಪಾಧ್ಯಾಯರು. ಅವರು ತಮ್ಮ ವಿದ್ಯೆಗೆ ಹೆಸರನ್ನೇ ಇಡಲಿಲ್ಲ. ‘ಶೋತೊ’ ಎಂಬುದು ಅವರು ಪದ್ಯಗಳಿಗೆ ಅಂಕಿತವಾಗಿ ಬಳಸುತ್ತಿದ್ದ ಹೆಸರು. ಅಲೆಯಾಡುವ ಪೈನ್ ಮರಗಳು ಎಂದು ಅದರ ಅರ್ಥ. ಶಿಷ್ಯರು ಚಂದಾಹಣದಿಂದ ಅಭ್ಯಾಸಮಂದಿರ ಕಟ್ಟಿ ಅದರ ಬಾಗಿಲಿಗೆ ‘ಶೋತೊಕಾನ್’ ಎಂಬ ಫಲಕವನ್ನು ತೂಗುಹಾಕಿದರು. ಅದು ಮನೆಯ ಹೆಸರು. ಕಾಲಕ್ರಮದಲ್ಲಿ ಪದ್ಧತಿಯ ಹೆಸರಾಗಿ ನಿಂತಿತು.

ಇನ್ನು ಶಿಮಬುಕು ತತ್ಸುಒ ಎಂಬವರ ಸಂಗತಿ. ಇವರು ಕ್ಯಾನ್ ಚೋತೊಕು, ಮಿಯಾಗಿ ಚೋಜುನ್ ಮೊದಲಾದವರಲ್ಲಿ ಕಲಿತು, 1956ರ ಜನವರಿ 15ರಂದು ತಮ್ಮ ಮಿಶ್ರಪದ್ಧತಿಗೆ ಇಶ್ಶಿನ್-ರ್ಯು ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಏಕಚಿತ್ತವೆನ್ನಬಹುದು. ಮುಷ್ಟಿಯನ್ನು ತಿರುಗಿಸದೆ, ಹೆಬ್ಬೆರಳನ್ನು ಮೇಲಿಟ್ಟು, ನೆಟ್ಟಗೆ ಹೊಡೆಯುವುದು ಇದರ ವಿಶೇಷ. ಈ ಹೊಸತನಕ್ಕೆ ಒಗ್ಗದೆ ಕೆಲವು ಶಿಷ್ಯರು ಅವರನ್ನು ಬಿಟ್ಟೂ ಹೋದರು. ಇಲ್ಲಿಯೂ ಹೆಸರಿನಲ್ಲಿ ಗುರುವಿಲ್ಲ. ಆದರೆ ಒಳಹೊಕ್ಕು ನೋಡಿದರೆ, ಆ ಪದ್ಧತಿಯಲ್ಲಿ ಬರಿಗೈಯಿಂದ ಮಾಡತಕ್ಕ ಕ್ರಮಬದ್ಧ ಅಭ್ಯಾಸಗಳು ಎಂಟು. ‘ಕಾತಾ’ ಎಂದು ಇವುಗಳ ಹೆಸರು. ಎಂಟರಲ್ಲಿ ಏಳು ಹಿರಿಯರಿಂದ ಬಂದವು. ಸೇಸಾನ್, ಸಾಂಚಿನ್ ಮುಂತಾದ ಹಳೆಯ ಹೆಸರುಗಳಿಂದಲೇ ಅವನ್ನು ಇಂದಿಗೂ ಕರೆಯುತ್ತಾರೆ. ಸುನ್ಸು ಎಂಬುದೊಂದೇ ಶಿಮಬುಕು ಅವರು ಸ್ವತಃ ರಚಿಸಿದ್ದು. ಬಾಗಿಲಲ್ಲಿ ಬರೆಯದುದನ್ನು ಒಳಮನೆಯಲ್ಲಿ ಉಳಿಸಿಕೊಂಡರೆಂದು ನಾವು ಇದನ್ನು ತಿಳಿಯುತ್ತೇವೆ.

ಋಣವನ್ನು ಹೆಸರಿನಿಂದ ಅಳಿಸಿದ ದೃಷ್ಟಾಂತವೂ ಇದೇ ವಿದ್ಯೆಯಲ್ಲಿದೆ. ಕರಾಟೆ ಎಂಬ ಮಾತನ್ನು ಹಿಂದೆ ಬರೆಯುತ್ತಿದ್ದ ಅಕ್ಷರಗಳ ಅರ್ಥ ‘ಚೀನಾದ ಕೈ’ ಎಂದು. ವಿದ್ಯೆಯ ಒಂದು ಮೂಲ ಚೀನಾದೇಶವೆಂಬುದನ್ನು ಅದು ಒಪ್ಪಿ ಹೇಳುತ್ತಿತ್ತು. ಜಪಾನಿಗೂ ಚೀನಾಕ್ಕೂ ವೈರ ಬಲಿತ ಕಾಲದಲ್ಲಿ, 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಸೇರಿದ ಆಚಾರ್ಯರ ಸಭೆಯು ‘ಬರಿಯ ಕೈ’ ಎಂಬ ಬರಹಕ್ಕೆ ಸಮ್ಮತಿಯಿತ್ತಿತು. ಉಚ್ಚಾರ ಅದೇ, ಅಕ್ಷರ ಬೇರೆ. ವಿನೋದವೇನೆಂದರೆ, ಹೊಸದಾಗಿ ಹಾಕಿದ ಆ ಅಕ್ಷರವು ಬೌದ್ಧಗ್ರಂಥಗಳ ಚೀನೀ ಭಾಷಾಂತರದಲ್ಲಿ ನಮ್ಮ ‘ಶೂನ್ಯ’ ಶಬ್ದಕ್ಕೆ ನಿಂತ ಅಕ್ಷರ. ಒಂದು ಋಣವನ್ನು ಅಳಿಸಹೋಗಿ ಇನ್ನೊಂದು ಋಣವನ್ನು ಬರೆದುಕೊಂಡಂತಾಯಿತು.

ಇಷ್ಟನ್ನೂ ಓದಿ ಮುಗಿಸಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಕಾರಣವನ್ನು ವಾಚಕರಿಂದ ಮುಚ್ಚಿಡುವುದಿಲ್ಲ. ಮೂವತ್ತು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳಿಗಾಗಿ ಸಂಧಿ ಸಮಾಸಗಳನ್ನು ಕುರಿತ ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿದೆವು. ಅದರಲ್ಲಿದ್ದ ಕೋಷ್ಟಕಗಳ ಮರ್ಮವೆಲ್ಲ ನಮ್ಮ ಗುರುಗಳದು. ತಮ್ಮ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ಅವರು ನಮಗೆ ಕಲಿಸಿದ್ದು. ನಾವು ಮಾಡಿದುದು ಕ್ರಮವನ್ನು ಕೊಂಚ ಬದಲಿಸಿ ಅಭ್ಯಾಸದ ಪ್ರಶ್ನೆಗಳನ್ನು ಸೇರಿಸಿದ್ದು. ಮುಖಪತ್ರದಲ್ಲಿ ನಮ್ಮ ಹೆಸರೊಂದೇ ಇದ್ದಿತು. ಮುನ್ನುಡಿಯಲ್ಲಿ ಅಚ್ಚುಕೂಟದವರಿಗೆ ವಂದನೆಯಿತ್ತು, ಗುರುಗಳಿಗಿರಲಿಲ್ಲ. ನಾವು ಪ್ರತಿಯನ್ನು ಕಳುಹಿಸುವುದಕ್ಕೆ ಮೊದಲೇ ಅವರು ಬೆಲೆ ಕೊಟ್ಟು ಕೊಂಡಿದ್ದರು. ಹಬ್ಬಕ್ಕೆ ಹೋಗಿ ನಮಸ್ಕರಿಸಿದಾಗ, “ಪುಸ್ತಕ ಚೆನ್ನಾಗಿದೆ, ಅಚ್ಚು ಶುದ್ಧವಾಗಿದೆ” ಎಂದಷ್ಟೇ ಹೇಳಿದರು. ಮತ್ತೆ ಎಂದೂ ಆ ಮಾತನ್ನು ಎತ್ತಲಿಲ್ಲ. ಎರಡನೆಯ ಮುದ್ರಣದಲ್ಲಿ ಅವರ ಹೆಸರನ್ನು ಮೊದಲ ಪುಟದಲ್ಲಿ ದೊಡ್ಡಕ್ಷರದಲ್ಲಿ ಹಾಕಿಸಿದೆವು. ಓದಲು ಅವರಿರಲಿಲ್ಲ.

ವಾರ ಕಳೆದು ಶಿಷ್ಯನು ಬಂದಾಗ ಜಪಾನೀಯರ ಕಥೆಗಳನ್ನೂ ಈ ಕಥೆಯನ್ನೂ ಅವನಿಗೆ ಹೇಳಿದೆವು. “ಹೊಸದನ್ನು ಕಟ್ಟಿದ್ದು ತಪ್ಪಲ್ಲ. ಗುರುಗಳು ಬದುಕಿದ್ದಾರೆ, ಕೇಳುವುದಕ್ಕೆ ನಿನಗೆ ಅವಕಾಶವಿದೆ” ಎಂದೆವು. ಅವನು ಏನನ್ನೂ ಹೇಳದೆ ಎದ್ದುಹೋದನು.

ಭಾನುವಾರ ವೀಳ್ಯದೆಲೆ ತೆಂಗಿನಕಾಯಿಗಳನ್ನು ಹಿಡಿದು ಗುರುಗಳಲ್ಲಿಗೆ ಹೋದನಂತೆ. ಅವರು ಬಹಳ ಹೊತ್ತು ಮಾತನಾಡಲಿಲ್ಲವಂತೆ. ಆಮೇಲೆ, “ನೀನು ಬದಲಿಸಿರುವುದನ್ನು ಮಾಡಿ ತೋರಿಸು” ಎಂದರು. ಒಂದು ಗಂಟೆ ನೋಡಿ, ಒಂದೆಡೆ ಹಿಂಗಾಲು ಹಗುರವಾಯಿತೆಂದು ತಿದ್ದಿದರು. ಹೆಸರಿನಲ್ಲಿ ತಮ್ಮನ್ನು ಸೇರಿಸುವುದಕ್ಕೆ ಮಾತ್ರ ಒಪ್ಪಲಿಲ್ಲ. “ಇದು ನನ್ನದಲ್ಲ, ನನ್ನ ಹೆಸರು ಬೇಡ. ಆದರೆ ಹುಡುಗರಿಗೆ ಕಲಿಸುವಾಗ, ಯಾವುದು ನಾನು ಕೊಟ್ಟದ್ದು, ಯಾವುದು ಮಾವನದು, ಯಾವುದು ನೀನು ಮಾಡಿದ್ದು ಎಂದು ಬೇರೆಬೇರೆಯಾಗಿ ಹೇಳು” ಎಂದರಂತೆ. ಇದನ್ನು ನಮಗೆ ವರದಿಮಾಡುವಾಗ ಅವನ ಕಣ್ಣು ತೇವವಾಗಿತ್ತು. ನಾವು ಬೇರೆ ಕಡೆ ನೋಡಿದೆವು.

ಈಗ ಹಜಾರದ ಒಳಗೋಡೆಯ ಮೇಲೆ ಗುರುಗಳ ಹೆಸರೂ ಸೋದರಮಾವನ ಹೆಸರೂ ಇವೆ. ಹೊರಗಿನ ಫಲಕದಲ್ಲಿ “ಕರಾಟೆ ಮತ್ತು ಮಲ್ಲವಿದ್ಯೆಯನ್ನು ಕಲಿಸಲಾಗುವುದು” ಎಂದು ಕೆಳಗಡೆ ಬರೆದಿದೆ. ಮೇಲುಗಡೆ ಒಂದು ಮೊಳದಷ್ಟು ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಅಲ್ಲಿ ಬರೆಯತಕ್ಕ ಹೆಸರನ್ನು ನಾವಿನ್ನೂ ಕೊಟ್ಟಿಲ್ಲ. ಮಕ್ಕಳೇನೋ ಅಭ್ಯಾಸವನ್ನು ನಡಸಿಯೇ ಇದ್ದಾರೆ. ವಾಚಕರಲ್ಲಿ ಯಾರಿಗಾದರೂ ತಕ್ಕ ಹೆಸರೊಂದು ತೋಚಿದರೆ ದಯವಿಟ್ಟು ಬರೆದು ತಿಳಿಸಬೇಕೆಂದು ಪ್ರಾರ್ಥನೆ. ವಜ್ರ, ಸಿಂಹ, ರುದ್ರರು ಮಾತ್ರ ಬೇಡ. ಅವರು ಪಟ್ಟಿಯಲ್ಲಿ ಆಗಲೇ ಬೇಕಾದಷ್ಟಿದ್ದಾರೆ.