ಉಗ್ರಾಣದ ಹೆಸರು ಹೊತ್ತ ಪತ್ರಿಕೆ

ಪತ್ರಿಕೆಯೆಂಬುದು ನಮಗೆ ಮೂಲತಃ ಎಲೆ, ಓಲೆ. ಆಂಗ್ಲರ ‘ಮ್ಯಾಗಜೀನ್’ ಆದರೋ ಮೂಲತಃ ಉಗ್ರಾಣ. ಕೂಡಿಡುವುದೆಂಬ ಅರ್ಥವುಳ್ಳ ಅರಬ್ಬೀ ಧಾತುವಿನಿಂದ ಹುಟ್ಟಿದ ‘ಮಖ್ಜನ್’ ಶಬ್ದವೂ ಅದರ ಬಹುವಚನವಾದ ‘ಮಖಾಜಿನ್’ ರೂಪವೂ ಮೆಡಿಟರೇನಿಯನ್ ಸಮುದ್ರದ ರೇವುಗಳಲ್ಲಿ ವರ್ತಕರ ಸರಕಿನೊಡನೆ ದಡಕ್ಕಿಳಿದು, ಯೂರೋಪಿನ ಒಂದೊಂದು ನಾಡಿನಲ್ಲಿಯೂ ಒಂದೊಂದು ವೇಷವನ್ನು ತೊಟ್ಟುವು.

ಇಟಲಿಯವರು ‘ಮಗದ್ಜೀನೊ’ ಎಂದರು. ಸ್ಪೇನಿನವರ ‘ಅಲ್ಮಸೆನ್’ ಮಾತ್ರ ಅರಬ್ಬೀ ನಾಮಪದದ ಮೊದಲಿಗೆ ಬರುವ ‘ಅಲ್’ ಎಂಬ ನಿರ್ದೇಶಕವನ್ನೂ ಜತೆಗೇ ಹೊತ್ತುಕೊಂಡಿತು. ಇದು ಆಕಸ್ಮಿಕವಲ್ಲ, ಹತ್ತಿಗೆ ಇಟಲಿಯಲ್ಲಿ ‘ಕೊಟೋನೆ’, ಸ್ಪೇನಿನಲ್ಲಿ ‘ಅಲ್ಗೊಡೋನ್’, ಸಕ್ಕರೆಗೆ ಅಲ್ಲಿ ‘ಜುಕ್ಕೆರೊ’, ಇಲ್ಲಿ ‘ಅಸೂಕರ್’. 711ರಿಂದ 1492ರ ವರೆಗೆ ಅರಬ್ಬೀ ಆಳ್ವಿಕೆ ಒಂದಲ್ಲ ಒಂದು ಭಾಗದಲ್ಲಿ ಉಳಿದಿದ್ದ ನೆಲದ ಜನರು ನೆರೆಮನೆಯಲ್ಲಿ ಕೇಳಿದ ಮಾತನ್ನು ಕೇಳಿದಂತೆಯೇ ಎತ್ತಿಕೊಂಡರೆಂದೂ, ಇಟಲಿಯ ವ್ಯಾಪಾರಿಗಳು ಬಂದರುಕಟ್ಟೆಯಲ್ಲಿ ಬೇಕಾದಷ್ಟನ್ನೇ ಆರಿಸಿಕೊಂಡರೆಂದೂ ಊಹಿಸಲು ಅವಕಾಶವುಂಟು. ಸಂಧಿಪತ್ರಗಳಿಗಿಂತ ಒಮ್ಮೊಮ್ಮೆ ಇಂತಹ ಒಂದು ಉಪಸರ್ಗವೇ ಚರಿತ್ರೆಯನ್ನು ನೆಟ್ಟಗೆ ಹೇಳಿಬಿಡುತ್ತದೆ.

ಅರ್ಥವೂ ಹೀಗೆಯೇ ಕವಲೊಡೆಯಿತು. ಪ್ಯಾರಿಸಿನಲ್ಲಿಯೂ ಮಾಸ್ಕೋದಲ್ಲಿಯೂ ಈ ಶಬ್ದ ಅಂಗಡಿಯಾಯಿತು; ಜರ್ಮನರಲ್ಲಿ ಪುಸ್ತಕಭಂಡಾರದ ಒಳಗೋಣೆಯೂ ಹೌದು, ನಿಯತಕಾಲಿಕವೂ ಹೌದು. ಇಂಗ್ಲಿಷಿನಲ್ಲಿ ಅದು ಮದ್ದುಗುಂಡುಗಳ ಕೋಠಿಯಾಗಿ, ತರುವಾಯ ಬಂದೂಕಿನ ತೋಟಾಗಳ ಸಂಪುಟವೂ ಆಯಿತು. 1857ರ ಮೇ 11ರಂದು ದೆಹಲಿಯಲ್ಲಿ ಆಂಗ್ಲರೇ ಸಿಡಿಸಿ ಹಾಕಿದ ‘ಮ್ಯಾಗಜೀನ್’ ಇಂತಹ ಮದ್ದಿನಮನೆಯೇ.

ವಿಷಯಸಂಗ್ರಹವಾದ ಗ್ರಂಥಕ್ಕೆ ಆ ಹೆಸರಿಡುವ ವಾಡಿಕೆ ಇಂಗ್ಲೆಂಡಿನಲ್ಲಿ ಮೊದಲೇ ಇದ್ದರೂ, ತಿಂಗಳ ಪತ್ರಿಕೆಗೆ ಅದನ್ನು ಅಂಟಿಸಿದ ಕೀರ್ತಿ ಎಡ್ವರ್ಡ್ ಕೇವನಿಗೆ ಸಲ್ಲತಕ್ಕದ್ದು. ಚಮ್ಮಾರನ ಮಗನಾಗಿ ಹುಟ್ಟಿ, ಅಂಚೆಯ ಇಲಾಖೆಯಲ್ಲಿ ದುಡಿದು, ಲಂಡನ್ನಿನ ಸೇಂಟ್ ಜಾನ್ಸ್ ಗೇಟಿನ ಹಳೆಯ ಹೆಬ್ಬಾಗಿಲಿನ ಕಟ್ಟಡದಲ್ಲಿ ಮುದ್ರಣಾಲಯವನ್ನು ಹೂಡಿದ ಈತನು, ಊರಿನ ವೃತ್ತಪತ್ರಿಕೆಗಳಲ್ಲಿ ಚದುರಿಹೋಗುತ್ತಿದ್ದ ಲೇಖನಗಳ ಸಾರವನ್ನೂ ಸುದ್ದಿ, ಪದ್ಯಗಳನ್ನೂ ಒಂದೆಡೆ ಕೂಡಿಟ್ಟು, 1731ರಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಅನ್ನು ಹೊರಡಿಸಿದನು. ಪರರ ಸರಕನ್ನೇ ತುಂಬಿದ ಕೋಠಿಗೆ ಹೆಸರು ಒಪ್ಪುವಂತೆಯೇ ಇತ್ತು. ಈ ಪ್ರಾಮಾಣಿಕತೆಯನ್ನು ಸಂಪಾದಕವರ್ಗ ಆಮೇಲೆ ಮರೆತದ್ದೇ ಹೆಚ್ಚು! ಕೇವನ ಬಳಿ ಕೂಲಿಗೆ ಬರೆಯುತ್ತಿದ್ದ ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ, ಶಬ್ದಕ್ಕೆ ಈ ಹೊಸ ಅರ್ಥ ಬಂದುದು ಆ ಪತ್ರಿಕೆಯಿಂದಲೇ ಎಂದು ಒಡೆಯನ ಹೆಸರನ್ನೂ ಸೇರಿಸಿ ದಾಖಲಿಸಿದನು.

ಹಳೆಯ ಧಾತು ನಮಗೂ ಅಪರಿಚಿತವಲ್ಲ. ಪಾರಸಿಯ ಮೂಲಕ ನಮ್ಮ ಕಚೇರಿಗಳನ್ನು ಹೊಕ್ಕ ‘ಖಜಾನೆ’, ಅದರ ಬೀಗದ ಕೈ ಹಿಡಿದ ‘ಖಜಾಂಚಿ’ ಇವೆಲ್ಲ ‘ಮಖ್ಜನ್’ನ ದಾಯಾದಿಗಳೇ. 1901ರಲ್ಲಿ ಶೇಖ್ ಅಬ್ದುಲ್ ಖಾದಿರರು ಲಾಹೋರಿನಲ್ಲಿ ಉರ್ದು ಸಾಹಿತ್ಯದ ಮಾಸಪತ್ರಿಕೆಯೊಂದನ್ನು ತೆಗೆದು, ತರುಣ ಇಕ್ಬಾಲರ ಕವಿತೆಗಳಿಗೆ ಅದರಲ್ಲಿ ಎಡೆಗೊಟ್ಟಾಗ, ಅದಕ್ಕಿಟ್ಟ ಹೆಸರು ‘ಮಖ್ಜನ್’ ಎಂದೇ.