ಗಾಡಿ ‘ಟಕ್’ ಎಂದರೆ ದೋಷವೆಲ್ಲಿ?

ಕೊಪ್ಪದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಹಳೆಯ ಲಾರಿ ಹೊರಡುವಾಗ ಅಡಿಯಲ್ಲಿ ‘ಟಕ್’ ಎಂದು ಸದ್ದಾಗುವುದುಂಟು. ಹಳೆಯ ಅಂಬಾಸಿಡರ್, ಜೀಪು, ಕೆಲವು ಸ್ಪೋರ್ಟ್ಸ್ ಕಾರುಗಳಲ್ಲೂ ಅಷ್ಟೆ. ಏಕೆ?

ಇವುಗಳಲ್ಲಿ ಎಂಜಿನ್ ಮುಂದೆ, ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು. ನಡುವಿನ ಕೊಂಡಿಯೇ ಪ್ರೊಪೆಲ್ಲರ್ ಶಾಫ್ಟ್. ಗುಂಡಿ ಬಿದ್ದ ರಸ್ತೆಯಲ್ಲಿ ಹಿಂದಿನ ಆಕ್ಸಲ್ ಏರಿಳಿದಂತೆ ಶಾಫ್ಟಿನ ಕೋನ ಬದಲಾಗುತ್ತದೆ. ಆಗಲೂ ಶಾಫ್ಟ್ ತಿರುಗುತ್ತಿರಲೆಂದು ಅದರ ತುದಿಗಳಲ್ಲಿ ಕೀಲುಗಳಿವೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ‘ಕ್ರಾಸ್’. ಪುಸ್ತಕದಲ್ಲಿ ‘ಹುಕ್ ಜಾಯಿಂಟ್’. ಸ್ಪ್ರಿಂಗಿನ ನಿಯಮ ಹೇಳಿದ 17ನೇ ಶತಮಾನದ ರಾಬರ್ಟ್ ಹುಕ್‌ನ ಹೆಸರೇ ಇದಕ್ಕೂ.

ಗ್ರೀಸು ಒಣಗಿದರೆ ಕ್ರಾಸಿನ ಬೇರಿಂಗ್ ಸವೆಯುತ್ತದೆ. ಕ್ಲಚ್ ಬಿಟ್ಟೊಡನೆ ಆ ಸಡಿಲು ಒಮ್ಮೆಗೇ ಬಿಗಿಯಾಗುವ ಸದ್ದೇ, ಹೆಚ್ಚಾಗಿ, ಈ ‘ಟಕ್’.

ನಡುಕವೂ ಇದೆಯೇ? ನಿಂತ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ. ಆಗಲೂ ನಡುಗಿದರೆ ದೋಷ ಎಂಜಿನ್ ಕಡೆ. ಗೇರ್ ಯಾವುದಿದ್ದರೂ ಒಂದೇ ವೇಗದಲ್ಲಿ ನಡುಗಿದರೆ ಶಾಫ್ಟ್ ಅಥವಾ ಚಕ್ರದ ಕಡೆ. ಎಂಜಿನ್ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೆಕ್ಯಾನಿಕ್ ಶಾಫ್ಟನ್ನು ಅತ್ತಿತ್ತ ತಿರುಗಿಸಿ ನೋಡಲಿ. ಕೀಲು ಅಲುಗಿದರೆ, ತುಕ್ಕಿನ ಪುಡಿ ಕಂಡರೆ ಕ್ರಾಸ್ ಬದಲಿಸಬೇಕು. ಮಕ್ಕಳು ದೂರದಿಂದಲೇ ನೋಡಿ ಕಲಿಯಲಿ.

ಕ್ರಾಸ್ ಮುರಿದರೆ ಶಾಫ್ಟ್ ರಸ್ತೆಗೆ ಬೀಳುತ್ತದೆ. ಗಾಡಿಗಷ್ಟೇ ಅಲ್ಲ, ಹಿಂದೆ ಸೈಕಲ್ಲಿನಲ್ಲಿ ಶಾಲೆಗೆ ಹೊರಟ ಮಗುವಿಗೂ ಅಪಾಯ. ‘ಟಕ್’ ಎಂದಾಗಲೇ ಕೇಳಿಸಿಕೊಳ್ಳಿ.